ಬೀಜದ ಕಟ್ಟಡದ ಹಿಂದಿನ ಕಂಬ

ಕೊನೆಯ ವರ್ಷದ ವಿನ್ಯಾಸದ ಕೆಲಸ ಹಂಚಿದ ದಿನ ನಮ್ಮ ತರಗತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆಸೆಯಿತ್ತು. ಕೆಲವರಿಗೆ ಸೌರ ಫಲಕ ಬೇಕಿತ್ತು, ಕೆಲವರಿಗೆ ಕೋಕೋ ಒಣಗಿಸುವ ಯಂತ್ರ. ನನಗೂ ನನ್ನ ಜೊತೆಗಾರ ವಾಸ್ಕರನಿಗೂ ಪಿಚಾರ್ಡೊ ಮೇಷ್ಟ್ರು ಕೊಟ್ಟದ್ದು ಯಾರೂ ಕೇಳದೆ ಉಳಿದಿದ್ದ ಕೆಲಸ: ನಮ್ಮ ವಿಶ್ವವಿದ್ಯಾಲಯದ್ದೇ ವಿದ್ಯುತ್ ಜಾಲ.

“ಗೇಟಿನ ಮೀಟರಿಂದ ಹಿಡಿದು ಕೊನೇ ತರಗತಿ ಬೋರ್ಡಿನ ತನಕ ಕರೆಂಟು ಎಲ್ಲೆಲ್ಲಿ ಹೋಗತ್ತೆ, ನಡ್ಕೊಂಡೇ ಹೋಗಿ ನೋಡಿ, ನಕ್ಷೆ ಬರೀರಿ” ಎಂದರು. “ಆಮೇಲೆ ಎಲ್ಲಿ ಏನು ತಪ್ಪಿದೆ, ಹೇಗೆ ಸರಿಮಾಡ್ಬೇಕು, ಅದನ್ನ ವಿನ್ಯಾಸ ಮಾಡಿ.”

“ಮೇಷ್ಟ್ರೇ, ನಮ್ಮಿಬ್ಬರ ಮೇಲೆ ಏನಾದ್ರೂ ಸಿಟ್ಟಿದ್ರೆ ಈಗಲೇ ಹೇಳಿಬಿಡಿ” ಎಂದ ವಾಸ್ಕರ್. ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ. ಅವರು ಸಾಮಾನ್ಯವಾಗಿ ನಗುತ್ತಿರಲಿಲ್ಲ. ನಲವತ್ತರ ಆಚೀಚಿನ ಮನುಷ್ಯ, ತಲೆ ಆಗಲೇ ಪೂರ್ತಿ ನೆರೆತಿತ್ತು.

ನಮ್ಮ ದ್ವೀಪದ ಈ ಸಿಬಾವೊ ಕಣಿವೆಯಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ. ಬಂದಾಗ ಮಾತ್ರ ಬೀದಿಯ ಮಕ್ಕಳೆಲ್ಲ ಒಟ್ಟಿಗೆ “ಬಂತು!” ಎಂದು ಕೂಗುತ್ತಾರೆ. ಹಾಗಾಗಿ ಕ್ಯಾಂಪಸ್ಸಿನ ಪ್ರತಿಯೊಂದು ವಿಭಾಗವೂ ತನ್ನ ಪಾಡಿಗೆ ತಾನೊಂದು ಜನರೇಟರ್ ತಂದಿಟ್ಟುಕೊಂಡಿತ್ತು. ಯಾರಿಗೆ ಯಾರು ಸಿಕ್ಕರೋ ಅವರ ಕೈಯಲ್ಲಿ ವೈರು ಕಟ್ಟಿಸಿಕೊಂಡಿದ್ದರು. ಕಚೇರಿಯಲ್ಲಿ ಸಿಕ್ಕ ಹಳೆಯ ನಕ್ಷೆಯಲ್ಲಿ ಈ ಜನರೇಟರುಗಳಲ್ಲಿ ಒಂದೂ ಇರಲಿಲ್ಲ. ಅರ್ಧ ಕಟ್ಟಡಗಳೂ ಇರಲಿಲ್ಲ.

ನಮ್ಮ ಜೊತೆ ಓಡಾಡಲು ಕಚೇರಿಯವರು ದೋನ್ ನೆಮೆಸಿಯೊ ಅವರನ್ನು ಕಳಿಸಿದರು. ಹಿರಿಯ ಗಂಡಸರನ್ನು ನಾವು ದೋನ್ ಎಂದೂ ಹೆಂಗಸರನ್ನು ದೋನ್ಯಾ ಎಂದೂ ಗೌರವದಿಂದ ಕರೆಯುತ್ತೇವೆ. ಮೂವತ್ತು ವರ್ಷದಿಂದ ಅಲ್ಲಿ ಲೈನ್‌ಮನ್ ಆಗಿದ್ದವರು. ಬೇಸ್‌ಬಾಲ್ ತಂಡದ ಹಳದಿ ಟೋಪಿ, ಸೊಂಟದಲ್ಲಿ ಚರ್ಮದ ಚೀಲ, ಬಾಯಲ್ಲಿ ಸದಾ ಯಾವುದೋ ಹಾಡಿನ ಗುನುಗು. ಮೊದಲನೇ ದಿನವೇ ವಾಸ್ಕರ್ ಒಂದು ಬೋರ್ಡಿನ ಮುಚ್ಚಳ ತೆಗೆದು, “ಇದ್ರಲ್ಲಿ ಕರೆಂಟಿಲ್ಲ ದೋನ್ ನೆಮೆಸಿಯೊ, ಇದು ಸತ್ತು ಎಷ್ಟು ಕಾಲ ಆಯ್ತೋ” ಎಂದು ಕೈ ಹಾಕಲು ಹೋದ. ಮುದುಕರು ಅವನ ಮಣಿಕಟ್ಟನ್ನು ಹಿಡಿದ ರಭಸಕ್ಕೆ ಅವನ ಗಡಿಯಾರವೇ ಕಳಚಿ ಬಿತ್ತು.

“ಸತ್ತಿದೆಯೋ ಬದುಕಿದೆಯೋ ಅಂತ ನೀನು ಹೇಳೋದಲ್ಲ ಮಗಾ. ಟೆಸ್ಟರ್ ಹೇಳ್ಲಿ. ಆಮೇಲೆ ಇನ್ನೊಂದು ಟೆಸ್ಟರ್ ಹೇಳ್ಲಿ. ಆಮೇಲೆ ನಾನು ಹೇಳ್ತೀನಿ.”

“ಅಷ್ಟರಲ್ಲಿ ನಂಗೆ ಮುಪ್ಪು ಬರತ್ತೆ.”

“ಬರ್ಲಿ. ಎಷ್ಟೋ ಜನಕ್ಕೆ ಅದೂ ಬರಲಿಲ್ಲ.”

ಹೀಗೆ ಆರು ವಾರ ನಡೆದೆವು. ನಾನು ಬರೆದುಕೊಳ್ಳುವುದು, ವಾಸ್ಕರ್ ಅಳೆಯುವುದು, ದೋನ್ ನೆಮೆಸಿಯೊ ತೆರೆಯುವುದು ಮತ್ತು ಮುಚ್ಚುವುದು. ಆ ನಡಿಗೆಯಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಬೀಜದ ಕಟ್ಟಡ ಎಂದು ನಾವೆಲ್ಲ ಕರೆಯುತ್ತಿದ್ದ ಒಂದು ಕಟ್ಟಡವಿತ್ತು, ಕೋಕೋ ತಳಿಗಳನ್ನು ತಣ್ಣನೆಯ ಕೋಣೆಯಲ್ಲಿ ಇಡುವ ಜಾಗ. ಅದರ ಹಿಂದೆ ಒಂದು ಕಂಬ, ಕಂಬದ ಮೇಲೆ ಟ್ರಾನ್ಸ್‌ಫಾರ್ಮರ್. ದೋನ್ ನೆಮೆಸಿಯೊ ಪ್ರತಿಸಲವೂ ಆ ಕಡೆಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಅಲ್ಲಿಗೆ ಹೋಗೋಣವೆಂದರೆ, “ಅಲ್ಲೇನಿಲ್ಲ ಮಗಳೇ, ಉಳಿದ ಕಂಬದ ಥರಾನೇ ಬರ್ಕೋ” ಎನ್ನುವರು.

ಯಾಕೆಂದು ನನಗೆ ಹೇಳಿದವರು ದೋನ್ಯಾ ತೊಮಾಸಿನಾ. ವಿದ್ಯಾರ್ಥಿಗಳ ಊಟದ ಮನೆಯಲ್ಲಿ ಅಡುಗೆ ಅವರದು. ಮಾತು ಕಡಿಮೆ. ಪಾತ್ರೆಯ ತಳಕ್ಕೆ ಹತ್ತಿದ ಗರಿಗರಿ ಅನ್ನವನ್ನು ಕೆರೆದು, ತಮಗೆ ಮನಸ್ಸಾದವರಿಗಷ್ಟೇ ಬಡಿಸುತ್ತಿದ್ದರು. ಒಂದು ಮಧ್ಯಾಹ್ನ ಅದನ್ನು ನನ್ನ ತಟ್ಟೆಗೆ ಹಾಕಿ, ಅಲ್ಲೇ ನಿಂತರು.

“ನೀನೇ ಅಲ್ವಾ ತಾಯಿ, ಕಂಬ ಎಣಿಸ್ತಿರೋ ಹುಡುಗಿ?”

“ಹೌದು ದೋನ್ಯಾ.”

“ಬೀಜದ ಕಟ್ಟಡದ ಹಿಂದಿಂದು ನೋಡಿದ್ಯಾ?”

“ಇನ್ನೂ ಇಲ್ಲ.”

ಎಪ್ರನ್ನಿನಲ್ಲಿ ಕೈ ಒರೆಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತರು. ಅವರ ಗಂಡ ಎಲೀಹಿಯೊ ಕೂಡ ಅಲ್ಲಿ ಲೈನ್‌ಮನ್ ಆಗಿದ್ದರು, ನೆಮೆಸಿಯೊ ಅವರ ಜೋಡಿ. ಹನ್ನೊಂದು ವರ್ಷದ ಹಿಂದೆ, ಸೆಪ್ಟೆಂಬರಿನ ಒಂದು ಬೆಳಗ್ಗೆ, ಆ ಕಂಬದ ಮೇಲೆ ಸತ್ತರು. ಕಂಬದ ಫ್ಯೂಸು ಇಳಿಸದೆ, ಕರೆಂಟು ತೆಗೆಯದೆ ಹತ್ತಿದ್ದರು, ಹೋಗಿದ್ದ ಕರೆಂಟು ಮರಳಿ ಬಂದು ಸತ್ತರು, ತಪ್ಪು ಅವರದೇ ಎಂದು ಸಮಿತಿ ಬರೆಯಿತು. ಮನೆಯವರ ಮೇಲೆ ಕನಿಕರಪಟ್ಟು ಇವರಿಗೆ ಅಡುಗೆಯ ಕೆಲಸ ಕೊಟ್ಟರು.

“ನಾನು ಬಟ್ಟೆ ಇಸ್ತ್ರಿ ಮಾಡಿ ಮುಗಿಸಿದ್ರೆ, ಆತ ಹೋಗಿ ಪ್ಲಗ್ ಕಿತ್ತಿದೀನಾ ಅಂತ ನೋಡೋರು. ಬಾಗಿಲ ತನಕ ಹೋಗಿ ಮತ್ತೆ ವಾಪಸ್ ಬಂದು ಇನ್ನೊಂದ್ಸಲ ನೋಡೋರು. ನಂಗೆ ರೇಗೋದು” ಎಂದರು ದೋನ್ಯಾ ತೊಮಾಸಿನಾ. “ಅಂಥೋರು ಫ್ಯೂಸ್ ಇಳಿಸೋಕೆ ಮರೆತ್ರಂತೆ. ನಮ್ಮ ಹುಡುಗ ಯೊವಾನಿಗೆ ಸ್ಕೂಲಲ್ಲಿ ಮಕ್ಕಳು ಅದನ್ನೇ ಹೇಳಿ ಆಡ್ಕೊಂಡ್ರು. ಅವನು ಅಪ್ಪನ ಹೆಸರೆತ್ತೋದೇ ಬಿಟ್ಟ. ಈಗ ಮೋಕಾದಲ್ಲಿ ಕ್ಷೌರದ ಅಂಗಡಿ ಇಟ್ಕೊಂಡಿದಾನೆ. ಮನೆಗೆ ಬಂದ್ರೆ ಅಪ್ಪನ ಫೋಟೋ ಇರೋ ಗೋಡೆಗೆ ಬೆನ್ನು ಹಾಕಿ ಕೂರ್ತಾನೆ.”

ನಾನು ಚಮಚ ಕೆಳಗಿಟ್ಟೆ. “ತಣ್ಣಗಾಗತ್ತೆ, ತಿನ್ನು” ಎಂದು ಅವರೇ ಎದ್ದು ಹೋದರು.

ಮರುದಿನ ದೋನ್ ನೆಮೆಸಿಯೊ ಅವರಿಗೆ ಹೇಳದೆ ನಾನೂ ವಾಸ್ಕರನೂ ಬೀಜದ ಕಟ್ಟಡಕ್ಕೆ ಹೋದೆವು.

ಅಷ್ಟರಲ್ಲಿ ನಾವು ಹದಿನಾಲ್ಕು ಜನರೇಟರುಗಳನ್ನು ನೋಡಿಯಾಗಿತ್ತು. ಅವುಗಳಲ್ಲಿ ಮೂರು ಕಡೆ ದೊಡ್ಡ ತಪ್ಪಿತ್ತು. ಜನರೇಟರನ್ನು ನೇರವಾಗಿ ಕಟ್ಟಡದ ಬೋರ್ಡಿಗೆ ಕಟ್ಟಿದ್ದರು. ಅದನ್ನು ಹಚ್ಚುವ ಮೊದಲು ಹೊರಗಿನ ಲೈನಿನ ಮೇನ್ ಸ್ವಿಚ್ಚನ್ನು ಮನುಷ್ಯನೇ ನೆನಪಿಟ್ಟು ಆರಿಸಬೇಕಿತ್ತು. ಮರೆತರೆ ಜನರೇಟರಿನ ಕರೆಂಟು ಕಟ್ಟಡದೊಳಗೆ ಮಾತ್ರ ನಿಲ್ಲುವುದಿಲ್ಲ. ಹಿಮ್ಮುಖವಾಗಿ ಕಂಬದ ಟ್ರಾನ್ಸ್‌ಫಾರ್ಮರಿಗೆ ನುಗ್ಗಿ, ಅಲ್ಲಿ ನೂರುಪಟ್ಟು ಹೆಚ್ಚಿ, ತಂತಿಗೆ ಏರುತ್ತದೆ. ಇದನ್ನು ನಾವು ತಪ್ಪುಗಳ ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೆವು.

ಬೀಜದ ಕಟ್ಟಡದಲ್ಲಿ ಹಾಗಿರಲಿಲ್ಲ. ಅಲ್ಲಿ ಒಳ್ಳೆಯ ಚೇಂಜ್‌ಓವರ್ ಸ್ವಿಚ್ಚಿತ್ತು. ಒಂದೇ ಹಿಡಿಕೆ. ಒಂದು ಕಡೆ ಎಳೆದರೆ ಲೈನು, ಇನ್ನೊಂದು ಕಡೆ ಎಳೆದರೆ ಜನರೇಟರ್. ಎರಡೂ ಒಟ್ಟಿಗೆ ಸೇರುವ ದಾರಿಯೇ ಇಲ್ಲ. ಇಡೀ ಕ್ಯಾಂಪಸ್ಸಿನಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದಿರಲಿಲ್ಲ.

“ಇಲ್ಲಿ ಯಾರೋ ಓದಿದೋರು ಕೆಲಸ ಮಾಡಿದಾರೆ” ಎಂದ ವಾಸ್ಕರ್. ಎರಡೆರಡು ಸಲ ಟೆಸ್ಟರ್ ಹಿಡಿದು ನೋಡಿ, ಪಕ್ಕದ ಹಳೇ ಬೋರ್ಡಿನ ಮುಚ್ಚಳ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತ.

“ಡಿಲೇನಿಯಾ, ಇಲ್ಲಿ ಬಾ.”

ಬೋರ್ಡಿನೊಳಗೆ ದಪ್ಪ ಕೇಬಲ್ಲಿನ ತುಂಡುಗಳಿದ್ದವು, ತುದಿ ಕತ್ತರಿಸಿ ಟೇಪು ಸುತ್ತಿದ್ದವು. ಅವು ಬರುತ್ತಿದ್ದದ್ದು ಜನರೇಟರ್ ಇದ್ದ ಗೋಡೆಯ ಕಡೆಯಿಂದ. ಮುಚ್ಚಳದ ಒಳಮೈಯಲ್ಲಿ ಕಪ್ಪು ಶಾಯಿಯಲ್ಲಿ ಯಾರೋ ಬರೆದಿದ್ದರು: ಜನರೇಟರ್ ಹಚ್ಚುವ ಮೊದಲು ಮೇನ್ ಆರಿಸಿ. ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು. ಮೂರು ವರ್ಷದಿಂದ ಕಪ್ಪು ಹಲಗೆಯ ಮೇಲೆ ಆ ವಾಲು ಅಕ್ಷರ ನೋಡುತ್ತಾ ಬಂದಿದ್ದ ನಮಗೆ ಅದು ಪಿಚಾರ್ಡೊ ಮೇಷ್ಟ್ರದೆಂದು ಒಬ್ಬರಿಗೊಬ್ಬರು ಹೇಳಬೇಕಾಗಿರಲಿಲ್ಲ.

ನಾನು ಚೇಂಜ್‌ಓವರ್ ಪೆಟ್ಟಿಗೆಯ ಬದಿಯಲ್ಲಿ ಅಂಟಿಸಿದ್ದ ಚೀಟಿಯನ್ನು ಒರೆಸಿ ಓದಿದೆ. ಕೂರಿಸಿದ ತಾರೀಖು ಅಕ್ಟೋಬರ್ ಇಪ್ಪತ್ತೊಂಬತ್ತು. ಹನ್ನೊಂದು ವರ್ಷದ ಹಿಂದಿನದು, ಎಲೀಹಿಯೊ ಸತ್ತ ಮುಂದಿನ ತಿಂಗಳು. ಅವರು ಕಂಬ ಹತ್ತಿದ ದಿನ ಈ ಪೆಟ್ಟಿಗೆ ಇರಲಿಲ್ಲ, ಜನರೇಟರು ನೇರ ಹಳೇ ಬೋರ್ಡಿಗೇ ಸೇರಿತ್ತು.

ನಾವು ಹೊರಗೆ ಬಂದು ಕಂಬದ ಬುಡದಲ್ಲಿ ಕೂತೆವು. ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುತ್ತಿದ್ದ ವಾಸ್ಕರ್ ಹುಲ್ಲು ಕೀಳುತ್ತಾ ಕೂತಿದ್ದ.

ದೋನ್ ನೆಮೆಸಿಯೊ ಅವರಿಗೆ ಹೇಳಿದ್ದು ಅದೇ ದಿನ ಸಂಜೆ, ಅವರ ಸಾಮಾನಿನ ಕೋಣೆಯಲ್ಲಿ. ಅವರು ಹಗ್ಗ ಸುತ್ತುತ್ತಿದ್ದರು. ನಾನು ತಾರೀಖು ಹೇಳುತ್ತಲೇ ಕೈ ನಿಂತಿತು.

“ಅಕ್ಟೋಬರ್? ಸರಿಯಾಗಿ ಓದಿದ್ಯಾ?”

“ಫೋಟೋ ತೆಗೆದಿದೀನಿ, ನೋಡಿ.”

ಅವರು ಫೋಟೋ ನೋಡಲಿಲ್ಲ. ಹಗ್ಗದ ಸುರುಳಿಯ ಮೇಲೇ ಕೂತುಬಿಟ್ಟರು.

“ನಾನು ಕೇಳಿಸ್ಕೊಂಡಿದ್ದೆ ಮಗಳೇ” ಎಂದರು. “ಅವತ್ತು ಇಡೀ ಊರಿಗೇ ಕರೆಂಟಿರಲಿಲ್ಲ. ಕಂಬದ ಮೇಲೆ ಒಂದು ಕ್ಲ್ಯಾಂಪು ಕಿಡಿ ಹಾರಿಸ್ತಿತ್ತು, ಕರೆಂಟಿಲ್ದಾಗ್ಲೇ ಬದಲಾಯಿಸೋಣ ಅಂದ ಎಲೀಹಿಯೊ, ನನ್ನ ಕೊಂಪಾದ್ರೆ. ನನ್ನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತೋನು ಅವನೇ, ಗೊತ್ತಾ? ಅವನು ಕೋಲಲ್ಲಿ ಮೂರೂ ಫ್ಯೂಸ್ ಇಳಿಸಿದ್ದ. ಟೆಸ್ಟರ್ ಹಿಡಿದಿದ್ದ. ಕಂಪನಿ ಯಾವಾಗ ಬೇಕಾದ್ರೂ ಕರೆಂಟು ಬಿಡಬಹುದು ಅಂತ ಮೇಲಿನ ತಂತಿಗೆ ಅರ್ಥಿಂಗೂ ಕಟ್ಟಿದ್ದ. ಕೆಲಸ ಇದ್ದದ್ದು ಫ್ಯೂಸಿಂದ ಕೆಳಗೆ, ಟ್ರಾನ್ಸ್‌ಫಾರ್ಮರ್ ಕಡೆ. ಆ ಕಡೆಯಿಂದ ಯಾರು ಬರ್ತಾರೆ ಹೇಳು? ಹೊಸ ಕ್ಲ್ಯಾಂಪು ತರೋಕೆ ನಾನು ಇಲ್ಲಿಗೆ ಬಂದೆ. ವಾಪಸ್ ಹೋಗ್ತಾ ಬೀಜದ ಕಟ್ಟಡದ ಜನರೇಟರ್ ಗುರ್ ಅನ್ನೋದು ಕೇಳ್ತು. ಸದ್ಯ, ಅವ್ರಿಗಾದ್ರೂ ಬೆಳಕು ಬಂತಲ್ಲ ಅಂದ್ಕೊಂಡೆ.”

“ಸಮಿತಿಗೆ ಇದನ್ನ ಹೇಳಿಲ್ವಾ?” ಎಂದ ವಾಸ್ಕರ್.

“ಹೇಳ್ದೆ. ನಂಗೆ ನಿದ್ದೆ ಬರ್ತಿರಲಿಲ್ಲ, ಎರಡು ತಿಂಗಳು ಕೊನ್ಸ್ತಾನ್ಸಾದಲ್ಲಿ ಅಕ್ಕನ ಮನೇಲಿದ್ದೆ. ಸಮಿತಿ ಕೂತಿದ್ದು ಡಿಸೆಂಬರಲ್ಲಿ. ಜನರೇಟರ್ ಸದ್ದು ಕೇಳ್ದೆ ಅಂದೆ. ಕರ್ಕೊಂಡು ಹೋಗಿ ಆ ಪೆಟ್ಟಿಗೆ ತೋರಿಸಿದ್ರು. ನೋಡಪ್ಪ, ಇದಿರೋವಾಗ ಕರೆಂಟು ಹೊರಗೆ ಹೋಗೋಕೆ ಆಗಲ್ಲ ಅಂದ್ರು. ನಾನೇ ಕಣ್ಣಾರೆ ನೋಡ್ದೆ. ಫ್ಯೂಸ್ ಇಳಿದಿತ್ತು ಅಂದೆ. ನೀನೇ ಗಾಬರೀಲಿ ಇಳಿಸಿ ಹತ್ತಿದೀಯ, ನೆನಪಿಲ್ಲ ನಿಂಗೆ ಅಂದ್ರು. ಹತ್ತಿ ಅವನನ್ನ ಬೆಲ್ಟಿಂದ ಬಿಡಿಸಿದ್ದು ನೆನಪಿದೆ, ಅದಕ್ಕೆ ಮುಂಚಿಂದು ನಂಗೆ...” ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. “ಹತ್ತು ಸಲ ಕೇಳಿದ್ರು. ಹನ್ನೊಂದನೇ ಸಲಕ್ಕೆ ಇರಬಹುದು ಅಂದೆ. ರುಜು ಹಾಕ್ದೆ. ತೊಮಾಸಿನಾ ಮುಖ ನೋಡಿ ಊಟಕ್ಕೆ ಕೂತೋನಲ್ಲ ನಾನು ಅವತ್ತಿಂದ. ಮನೆಯಿಂದ ಬುತ್ತಿ ತರ್ತೀನಿ.”

ನನಗೆ ಆಗ ಇಪ್ಪತ್ತಮೂರು ವರ್ಷ. ಅಷ್ಟು ದೊಡ್ಡ ಮನುಷ್ಯರು ಅಳುವುದನ್ನು ಅದುವರೆಗೆ ನೋಡಿರಲಿಲ್ಲ. ವಾಸ್ಕರ್ ಹೋಗಿ ಅವರ ಪಕ್ಕ ನೆಲದ ಮೇಲೆ ಕೂತ.

ಮೂರನೆಯ ದಿನ ಬೆಳಗ್ಗೆ ಎರಡು ಹಾಳೆ ಹಿಡಿದುಕೊಂಡು ನಾವಿಬ್ಬರೂ ಪಿಚಾರ್ಡೊ ಮೇಷ್ಟ್ರ ಕೋಣೆಗೆ ಹೋದೆವು. ಒಂದರಲ್ಲಿ ಬೀಜದ ಕಟ್ಟಡದ ಈಗಿನ ಜಾಲ. ಇನ್ನೊಂದರಲ್ಲಿ ಅದೇ ಕಟ್ಟಡ, ಹನ್ನೊಂದು ವರ್ಷದ ಹಿಂದಿನ ಸೆಪ್ಟೆಂಬರಿನಲ್ಲಿ ಹೇಗಿತ್ತೋ ಹಾಗೆ. ಮೇಷ್ಟ್ರು ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನು ಬಹಳ ಹೊತ್ತು ನೋಡಿದರು.

“ಆ ಮುಚ್ಚಳ ತೆಗೆದ್ರಾ?” ಎಂದರು.

“ತೆಗೆದ್ವಿ.”

“ನಿಮಗಿಂತ ಮುಂಚೆ ಮೂರು ಬ್ಯಾಚಿಗೆ ಇದೇ ಕೆಲಸ ಕೊಟ್ಟಿದ್ದೆ. ಯಾರೂ ತೆಗೀಲಿಲ್ಲ. ಪ್ರತಿವರ್ಷ ಅವರ ನಕ್ಷೆ ನೋಡಿ ಸದ್ಯ ಅನ್ನಿಸೋದು. ಮುಂದಿನ ವರ್ಷ ಮತ್ತೆ ಅದನ್ನೇ ಕೊಡ್ತಿದ್ದೆ.”

ಅವರು ಹೇಳಿದ್ದು ಇಷ್ಟು. ಆಗ ಅವರಿಗೆ ಮೂವತ್ತು ವರ್ಷ, ಹೊಸದಾಗಿ ಸೇರಿದ್ದರು. ಬೀಜದ ಕಟ್ಟಡದ ಜನರೇಟರಿಗೆ ವೈರು ಕಟ್ಟಿದ್ದು ಅವರೇ, ಎಚ್ಚರಿಕೆ ಬರೆದದ್ದೂ ಅವರೇ. ಆ ಬೆಳಗ್ಗೆ ತಣ್ಣನೆಯ ಕೋಣೆ ಬಿಸಿಯಾಗುತ್ತಿತ್ತು, ಮೂರು ವರ್ಷದ ತಳಿಗಳು ಹಾಳಾಗುತ್ತಿದ್ದವು. ಮೇನ್ ಸ್ವಿಚ್ಚಿನ ಹಿಡಿಕೆ ಬಿಗಿ, ಎರಡೂ ಕೈ ಹಾಕಿ ಎಳೆಯಬೇಕಿತ್ತು. ಹೇಗೂ ಊರಿಗೇ ಕರೆಂಟಿಲ್ಲವಲ್ಲ ಎಂದುಕೊಂಡು ಬಿಟ್ಟು, ಜನರೇಟರ್ ಹಚ್ಚಿದರು. ಕಟ್ಟಡದ ಹಿಂದೆ ಕಂಬದ ಮೇಲೆ ಒಬ್ಬರಿದ್ದಾರೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಂದು ವಾರದೊಳಗೆ ಎಲ್ಲ ಅರ್ಥವಾಯಿತು. ಆಗಿನ ಮುಖ್ಯಸ್ಥರ ಬಳಿ ಹೋಗಿ ಹೇಳಿದರು. ಸತ್ತವನು ಮರಳಿ ಬರುವುದಿಲ್ಲ, ಬಾಯಿ ಮುಚ್ಚಿಕೊಂಡು ಅದನ್ನು ಸರಿಮಾಡು ಎಂದರಂತೆ ಅವರು.

“ಸರಿಮಾಡ್ದೆ” ಎಂದರು ಮೇಷ್ಟ್ರು. “ಇನ್ಯಾರಿಗೂ ಹಾಗಾಗಬಾರದು ಅಂತ ನಾನೇ ನಿಂತು ಆ ಪೆಟ್ಟಿಗೆ ಕೂರಿಸ್ದೆ. ನನ್ನ ಕೈಲಾಗಿದ್ದು ಅದೊಂದು.”

ವಾಸ್ಕರ್ ಚೀಲದಿಂದ ಮೂರನೆಯ ಹಾಳೆ ತೆಗೆದ. ಅದನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಬಡಿದ.

“ಗ್ರಂಥಾಲಯ. ಪಶುವೈದ್ಯ ವಿಭಾಗ. ಹುಡುಗಿಯರ ಹಾಸ್ಟೆಲು. ಮೂರೂ ಕಡೆ ಇವತ್ತೂ ಹಾಗೇ ಇದೆ ಮೇಷ್ಟ್ರೇ. ಈ ಹನ್ನೊಂದು ವರ್ಷದಲ್ಲಿ ದೋನ್ ನೆಮೆಸಿಯೊ ಆ ಮೂರು ಕಂಬ ಎಷ್ಟು ಸಲ ಹತ್ತಿಳಿದಿದಾರೆ ಕೇಳ್ಕೊಂಡು ಬರ್ಲಾ? ನೀವು ಒಂದು ಮಾತು ಆಡಿದ್ದಿದ್ರೆ ಎಲ್ಲಾ ಕಟ್ಟಡಾನೂ ನೋಡ್ತಿದ್ರು. ನಿಮ್ಮದೊಂದನ್ನೇ ಮುಚ್ಚಿಟ್ಕೊಂಡ್ರಿ.”

ಮೇಷ್ಟ್ರ ಮುಖ ನೋಡಿ ನನಗೆ ಗೊತ್ತಾಯಿತು, ಆ ಮೂರರ ಸಂಗತಿ ಅವರಿಗೆ ತಿಳಿದಿರಲಿಲ್ಲ. ಹಿಂದಿನ ಮೂರು ಬ್ಯಾಚಿನವರು ಬೋರ್ಡುಗಳ ಮುಚ್ಚಳ ತೆಗೆಯದೆ, ಹಳೆಯ ನಕ್ಷೆಯಿಂದಲೇ ನಕಲು ಮಾಡಿಕೊಟ್ಟಿದ್ದರು. ಅವರು ಹಾಳೆಯ ಮೇಲೆ ಕೈಯಿಟ್ಟು, ಅದು ಹಾರಿಹೋಗುತ್ತದೇನೋ ಎಂಬಂತೆ ಒತ್ತಿ ಹಿಡಿದು ಕೂತರು. ಕಿಟಕಿಯಾಚೆ ಯಾರೋ ಹುಡುಗಿಯರು ನಗುತ್ತಾ ಹಾದುಹೋದರು.

“ಈಗೇನು ಮಾಡ್ಬೇಕು ಹೇಳಿ” ಎಂದರು ಕೊನೆಗೆ. ಮೇಷ್ಟ್ರು ನಮ್ಮನ್ನು ಹಾಗೆ ಕೇಳಿದ್ದು ಅದೇ ಮೊದಲು.

“ಆ ಮೂರೂ ಜನರೇಟರಿಗೆ ಇವತ್ತೇ ಬೀಗ ಹಾಕಿಸಿ” ಎಂದೆ. “ಆಮೇಲೆ ದೋನ್ಯಾ ತೊಮಾಸಿನಾ ಹತ್ರ ಹೋಗಿ. ನಾವು ಹೇಳಲ್ಲ. ಅದು ನಾವು ಹೇಳೋ ಮಾತಲ್ಲ.”

ಬೀಗ ಅಂದೇ ಬಿತ್ತು. ಹಾಸ್ಟೆಲಿನ ಹುಡುಗಿಯರು ಮೇಣದಬತ್ತಿ ಹಿಡಿದು ನಮ್ಮಿಬ್ಬರಿಗೂ ಶಾಪ ಹಾಕಿದರು. ಮೇಷ್ಟ್ರು ಅಡುಗೆಮನೆಗೆ ಹೋದದ್ದು ಮಾತ್ರ ನಾಲ್ಕು ದಿನ ಕಳೆದು. ನನ್ನನ್ನೂ ಬರಹೇಳಿದರು. ಯಾಕೆಂದು ಹೇಳಲಿಲ್ಲ. ಒಬ್ಬನೇ ಹೋದರೆ ಅರ್ಧದಲ್ಲಿ ತಿರುಗಿ ಬಂದೇನೆಂಬ ಹೆದರಿಕೆ ಅವರಿಗಿತ್ತೇನೋ.

ದೋನ್ಯಾ ತೊಮಾಸಿನಾ ಅವರೆಕಾಳು ಆರಿಸುತ್ತಿದ್ದರು. ಮೇಷ್ಟ್ರು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ತಿರುವಿ ಹೇಳಲಿಲ್ಲ, ತಮ್ಮ ಕಡೆಗೆ ಎಳೆದುಕೊಂಡು ಹೇಳಲಿಲ್ಲ. ನಿಮ್ಮ ಗಂಡ ಎಲ್ಲ ಸರಿಯಾಗಿಯೇ ಮಾಡಿದ್ದರು, ತಪ್ಪು ನನ್ನದು ಎಂದು ಮೊದಲೇ ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದರು. ಕಾಳು ಆರಿಸುವ ಕೈ ನಿಲ್ಲಲಿಲ್ಲ. ಒಲೆಯ ಹತ್ತಿರ ಇದ್ದ ಇನ್ನಿಬ್ಬರು ಹೆಂಗಸರು ಅಲ್ಲೇ ಮರವಟ್ಟು ನಿಂತಿದ್ದರು.

“ಹನ್ನೊಂದು ವರ್ಷ ದಿನಾ ನನ್ನ ಕೈಯಲ್ಲಿ ಉಂಡ್ರಿ” ಎಂದರು ದೋನ್ಯಾ ತೊಮಾಸಿನಾ.

“ಹೌದು.”

“ಉಪ್ಪು ಸರಿಯಾಗಿತ್ತು ಅಂತಿದ್ರಿ.”

ದೋನ್ಯಾ ತೊಮಾಸಿನಾ ಕಾಳಿನ ತಟ್ಟೆಯನ್ನು ಬದಿಗೆ ಸರಿಸಿದರು.

“ನಂಗೆ ಓದು ಬರಲ್ಲ ಇಂಜಿನಿಯರ್ರೇ. ಕರೆಂಟು ಕಂಬದಿಂದ ಮನೆಗೆ ಬರತ್ತೆ ಅಂತ ಗೊತ್ತು. ಮನೆಯಿಂದ ಕಂಬಕ್ಕೆ ಹೋಗತ್ತೆ ಅಂತೀರಿ. ಹೇಗೆ ಹೋಗತ್ತೆ? ತೋರಿಸಿ.”

“ದೋನ್ಯಾ, ಅದು...”

“ತೋರಿಸಿ ಅಂದೆ. ನನ್ನ ಗಂಡನ್ನ ಕೊಂದಿದ್ದು ಹೇಗೆ ಅಂತ ನಾನು ನೋಡ್ಬೇಕು.”

ಎಪ್ರನ್ ಬಿಚ್ಚಿಟ್ಟು ಅವರು ನಮ್ಮೊಂದಿಗೆ ಪ್ರಯೋಗಾಲಯಕ್ಕೆ ಬಂದರು. ಇಷ್ಟು ವರ್ಷ ಆ ಕ್ಯಾಂಪಸ್ಸಿನಲ್ಲಿದ್ದೂ ಆ ಕಟ್ಟಡದ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲು ಎಂದು ಆಮೇಲೆ ಹೇಳಿದರು. ಮೇಷ್ಟ್ರು ಮೇಜಿನ ಮೇಲೆ ಅಂಗೈಯಗಲದ ಒಂದು ಟ್ರಾನ್ಸ್‌ಫಾರ್ಮರ್ ಇಟ್ಟರು. ಒಂದು ಬದಿಗೆ ಸಣ್ಣದೊಂದು ಸ್ವಿಚ್ಚು, ಇನ್ನೊಂದು ಬದಿಗೆ ಮನೆಯಲ್ಲಿ ಹಚ್ಚುವಂಥ ಬಲ್ಬು. ಸ್ಕ್ರೂ ಬಿಗಿಯಲು ಸಹಾಯಕ್ಕೆಂದು ನಾನು ಮುಂದೆ ಹೋದೆ. ಬೇಡವೆಂದು ತಲೆಯಾಡಿಸಿದರು.

“ಇದು ಜನರೇಟರ್ ಕಡೆ ಅಂದ್ಕೊಳಿ. ಇಲ್ಲಿರೋದು ಹನ್ನೆರಡೇ ವೋಲ್ಟು. ಮುಟ್ಟಿದ್ರೂ ಏನೂ ಆಗಲ್ಲ. ಬೇಕಿದ್ರೆ ಮುಟ್ಟಿ.”

ಅವರು ಬೆರಳಿಟ್ಟು ನೋಡಿದರು. ಏನೂ ಆಗಲಿಲ್ಲ.

“ಬಲ್ಬು ಇರೋದು ಕಂಬದ ಕಡೆ.”

ಸ್ವಿಚ್ಚು ಹಾಕಿದರು. ಬಲ್ಬು ಪೂರ್ತಿ ಬೆಳಗಿತು. ಹಾಡಹಗಲಿನಲ್ಲೂ ಆ ಬೆಳಕು ದೋನ್ಯಾ ತೊಮಾಸಿನಾ ಅವರ ಕೆನ್ನೆಯ ಮೇಲೆ ಕಂಡಿತು.

“ಈ ಸ್ವಿಚ್ಚು ಏನು?” ಎಂದು ಬೆರಳು ತೋರಿಸಿ ಕೇಳಿದರು.

“ಮೇನ್.”

“ಅವತ್ತು ಇದನ್ನ ಆರಿಸಿದ್ದಿದ್ರೆ?”

ಮೇಷ್ಟ್ರು ಆರಿಸಿದರು. ಬಲ್ಬು ಆರಿತು.

“ಇಷ್ಟೇನಾ?”

“ಇಷ್ಟೇ.”

ಅವರು ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೆ ಆರಿಸಲು ಹೇಳಿದರು. ಆಮೇಲೆ ತಾವೇ ಕೈಚಾಚಿ ಸ್ವಿಚ್ಚು ಹಾಕಿ, ಬಲ್ಬನ್ನು ನೋಡುತ್ತಾ ನಿಂತು, ತಾವೇ ಆರಿಸಿದರು. ಮೇಷ್ಟ್ರು ಕ್ಷಮಿಸಿ ಎಂಬ ಮಾತು ತೆಗೆದರು. ದೋನ್ಯಾ ತೊಮಾಸಿನಾ ಕೈಯೆತ್ತಿ ತಡೆದರು.

“ಅದನ್ನ ನನ್ನ ಹತ್ರ ಹೇಳ್ಬೇಡಿ. ತಪ್ಪು ನನ್ನ ಗಂಡಂದು ಅಂತ ನಾನು ಯಾವತ್ತೂ ನಂಬಿರಲಿಲ್ಲ. ನಂಬಿದ್ದು ನನ್ನ ಮಗ. ಬರೋ ಭಾನುವಾರ ಮೋಕಾಕ್ಕೆ ಹೋಗ್ತೀನಿ. ನೀವೂ ಬನ್ನಿ. ಅವನೇನಾದ್ರೂ ಹೊಡೆದ್ರೆ ಹೊಡೆಸ್ಕೊಳಿ.”

ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಅಲ್ಲಿ ಏನಾಯಿತೆಂದು ನನಗೆ ಪೂರ್ತಿ ಗೊತ್ತಿಲ್ಲ. ಯೊವಾನಿ ಹೊಡೆಯಲಿಲ್ಲವಂತೆ. ಕುರ್ಚಿಯಲ್ಲಿ ಅರ್ಧ ಕ್ಷೌರವಾಗಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಹಿತ್ತಿಲಿಗೆ ಹೋದವನು ಒಂದು ಗಂಟೆ ಹೊರಗೆ ಬರಲಿಲ್ಲವಂತೆ.

ಮೇಷ್ಟ್ರು ಮಾರನೆಯ ದಿನವೇ ವಿಶ್ವವಿದ್ಯಾಲಯಕ್ಕೆ ಕಾಗದ ಕೊಟ್ಟರು. ಅದರ ಜೊತೆ ನಮ್ಮ ಎರಡು ನಕ್ಷೆಗಳು, ದೋನ್ ನೆಮೆಸಿಯೊ ಅವರ ಹೊಸ ಹೇಳಿಕೆ. ಆಡಳಿತದವರು ಮೊದಲು ನಮ್ಮನ್ನು ಕರೆದು, ಎರಡನೆಯ ನಕ್ಷೆ ವಿನ್ಯಾಸದ ಕೆಲಸಕ್ಕೆ ಸೇರಿದ್ದಲ್ಲ, ತೆಗೆದುಬಿಡಿ ಎಂದರು. “ತೆಗೀತೀವಿ, ಆದ್ರೆ ತೆಗೀರಿ ಅಂತ ಬರೆದು ರುಜು ಹಾಕಿ ಕೊಡಿ” ಎಂದ ವಾಸ್ಕರ್. ಯಾರೂ ಬರೆದುಕೊಡಲಿಲ್ಲ. ನಕ್ಷೆ ಉಳಿಯಿತು. ಪರೀಕ್ಷಕರು ನಮಗೆ ಕೊಟ್ಟದ್ದು ಮಧ್ಯಮ ದರ್ಜೆ.

ಆದರೆ ನಮ್ಮ ವಿನ್ಯಾಸ ಕಾಗದದಲ್ಲೇ ಉಳಿಯಲಿಲ್ಲ. ಎರಡು ಸ್ವಿಚ್ಚುಗಳ ನಡುವೆ ಜಾರುವ ಒಂದು ಉಕ್ಕಿನ ಪಟ್ಟಿ ಅದು. ಒಂದು ಆರದ ಹೊರತು ಇನ್ನೊಂದನ್ನು ಹಾಕಲು ಬಿಡದು. ಯಾರ ನೆನಪಿನ ಶಕ್ತಿಯನ್ನೂ ಅದು ನಂಬಿಕೊಂಡಿಲ್ಲ. ವರ್ಕ್‌ಶಾಪಿನಲ್ಲಿ ನಾವೇ ಕತ್ತರಿಸಿ, ರಂಧ್ರ ಕೊರೆದು, ಉಜ್ಜಿ ಮಾಡಿದೆವು. ಮೂರೂ ಕಡೆ ಕೂರಿಸಿದ್ದು ದೋನ್ ನೆಮೆಸಿಯೊ. ಹಾಸ್ಟೆಲಿನ ಪಟ್ಟಿ ಕೂರಿಸಿದ ದಿನ ಅವರು ತಮ್ಮ ಭಾರವನ್ನೆಲ್ಲ ಹಾಕಿ ಎರಡೂ ಸ್ವಿಚ್ಚನ್ನು ಒಟ್ಟಿಗೆ ಎಳೆಯಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ನೇರ ಊಟದ ಮನೆಗೆ ಹೋಗಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ದೋನ್ಯಾ ತೊಮಾಸಿನಾ ಏನೂ ಹೇಳದೆ ಬಡಿಸಿದರು.

ದಾಖಲೆ ತಿದ್ದುವುದಕ್ಕೆ ಹದಿನೆಂಟು ತಿಂಗಳು ಹಿಡಿಯಿತು. ಬಂದ ಕಾಗದದಲ್ಲಿ ಎಲೀಹಿಯೊ ಅವರ ಕಡೆಯಿಂದ ಯಾವ ಲೋಪವೂ ಆಗಿರಲಿಲ್ಲ ಎಂಬ ಒಂದೇ ಸಾಲಿತ್ತು. ಸಮಿತಿಯ ಮೇಲೆ, ಆಗಿನ ಮುಖ್ಯಸ್ಥರ ಮೇಲೆ ಒಂದಕ್ಷರವೂ ಇರಲಿಲ್ಲ. ಪಿಚಾರ್ಡೊ ಮೇಷ್ಟ್ರು ಅಷ್ಟರಲ್ಲಿ ಕೆಲಸ ಬಿಟ್ಟಿದ್ದರು. ಬಿಡಿಸಿದರೋ ಬಿಟ್ಟರೋ ಎಂದು ಎರಡು ಥರ ಹೇಳುವವರಿದ್ದಾರೆ. ಅವರನ್ನು ನೋಡಿದರೆ ಏನು ಮಾತಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ವಿದ್ಯುತ್ತು ಕಲಿಸಿದವರು ಅವರೇ.

ಕಾಗದ ಬಂದ ತಿಂಗಳು ಯೊವಾನಿ ಕ್ಯಾಂಪಸ್ಸಿಗೆ ಬಂದ. ಸಣಕಲು ಹುಡುಗ, ಬಿಳಿ ಅಂಗಿ, ಕತ್ತರಿ ಹಿಡಿದೂ ಹಿಡಿದೂ ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿತ್ತು. ನಾನು ಆಗ ಅಲ್ಲೇ ಕೆಲಸಕ್ಕೆ ಸೇರಿದ್ದೆ. ಅವನನ್ನು ಬೀಜದ ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದದ್ದು ದೋನ್ ನೆಮೆಸಿಯೊ, ಸುತ್ತು ಹಾಕದೆ, ನೆಟ್ಟಗಿನ ದಾರಿಯಲ್ಲಿ. ನಾನು ಸ್ವಲ್ಪ ಹಿಂದೆ ನಿಂತೆ.

“ನಿಮ್ಮಪ್ಪ ಇಲ್ಲಿ ನಿಂತಿದ್ದ” ಎಂದರು ಮುದುಕರು. “ಕೋಲು ಹಿಂಗೆ ಹಿಡಿದು ಮೂರೂ ಫ್ಯೂಸ್ ಇಳಿಸ್ದ. ಮೂರೂ ಇಳೀತಾ ಅಂತ ನನ್ನ ಕೈಲೂ ಲೆಕ್ಕ ಹಾಕಿಸಿದ. ಟೆಸ್ಟರ್ ಹಿಡಿದ. ಮೇಲಿನ ತಂತಿಗೆ ಅರ್ಥಿಂಗ್ ಕಟ್ಟಿದ. ಬೆಲ್ಟ್ ಎರಡು ಸಲ ಎಳೆದು ನೋಡ್ಕೊಂಡ. ಆಮೇಲೆ ಹತ್ತಿದ.”

ಯೊವಾನಿ ಕಂಬದ ತುದಿಯವರೆಗೆ ನೋಡಿ, ಕಣ್ಣು ಕೆಳಗಿಳಿಸಿದ.

“ಏನಾದ್ರೂ ಹೇಳಿದ್ರಾ, ಹತ್ತೋ ಮುಂಚೆ?”

ದೋನ್ ನೆಮೆಸಿಯೊ ಟೋಪಿ ತೆಗೆದು ನೆನಪು ಮಾಡಿಕೊಂಡರು.

“ಹೇಳ್ದ. ಇವತ್ತು ಬೇಗ ಮುಗಿಸೋಣ, ಹುಡುಗನಿಗೆ ಶೂ ತರಬೇಕು, ಮಧ್ಯಾಹ್ನ ಆದ್ರೆ ಅಂಗಡಿ ಮುಚ್ಚಿಬಿಡ್ತಾರೆ ಅಂದ.”

ಯೊವಾನಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುದುಕರೂ ಮಂಡಿ ನೋವು ಲೆಕ್ಕಿಸದೆ ಅವನ ಪಕ್ಕ ಕೂತರು. “ನಮ್ಮಪ್ಪ” ಎಂದು ಅವನು ಏನೋ ಹೇಳಲು ಹೊರಟ. ಆ ಪದದಿಂದಾಚೆ ಮಾತು ಬರಲಿಲ್ಲ. ಬಂದಷ್ಟನ್ನೇ ಅವನು ಇನ್ನೂ ಎರಡು ಸಲ ಹೇಳಿದ.